ಅಣ್ಣನ ಮಗಳ ಅರ್ಜಿ

ನಮ್ಮ ಮನೆಗೆ ಇಂಗ್ಲಿಷಿನಲ್ಲಿ ಏನು ಬಂದರೂ ಓದುವ ಕೆಲಸ ನನ್ನದು. ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿ, ಅವ್ವನ ಕಣ್ಣಿನ ಡಾಕ್ಟರ ಚೀಟಿ, ವಿಮೆಯವರ ಪತ್ರ, ಎಲ್ಲವೂ ಕಂಬಂನಿಂದ ದಿಂಡಿಗಲ್ಲಿಗೆ ನನ್ನ ಫೋನಿಗೆ ಫೋಟೋ ಆಗಿ ಬರುತ್ತವೆ. ಸೌಟು ಕೆಳಗಿಟ್ಟು, ಓದಿ, ತಮಿಳುನಾಡಿನಲ್ಲೇ ತಲೆಮಾರುಗಳಿಂದ ಉಳಿದ ನಮ್ಮ ಮನೆಮಾತು ಕನ್ನಡದಲ್ಲಿ ಹೇಳುತ್ತೇನೆ. "ಕಾನ್ವೆಂಟಿಗೆ ಅಪ್ಪ ಕಟ್ಟಿದ ಕಾಸು ಈಗ ವಸೂಲಾಯ್ತಾ ಐತೆ ನೋಡು" ಎಂದು ಅಣ್ಣ ನಗುತ್ತಾನೆ. ಹೋದ ಬೇಸಗೆಯ ಕೊನೆಗೆ ಬಂದ ಕಾಗದದ ಫೋಟೋ ಮಾತ್ರ ಅವನು ಕಳಿಸಲಿಲ್ಲ. "ಫೋನಾಗೆ ಕಳ್ಸೋ ಕಾಗ್ದ ಅಲ್ಲ ಇದು. ಕೋರ್ಟಿಂದು. ನೀನೇ ಬಾ" ಎಂದ. ಆ ದಿನ ನಗಲಿಲ್ಲ.

ತೇನಿಯಲ್ಲಿ ಬಸ್ಸು ಬದಲಿಸಿ ಕಂಬಂ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅಣ್ಣ ಮನೆಯ ಹಿಂದಿನ ದ್ರಾಕ್ಷಿ ಚಪ್ಪರದ ಕೆಳಗೆ ಹಗ್ಗದ ಮಂಚ ಹಾಕಿಕೊಂಡು ಕೂತಿದ್ದ. ಅತ್ತಿಗೆ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು. ಅಡುಗೆಮನೆಯ ಪಾತ್ರೆಗಳ ಸದ್ದು ನಿಂತಿತು. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ತಿಳಿಯಿತು. ಈ ಅತ್ತಿಗೆ ಅಣ್ಣನ ಎರಡನೆಯ ಹೆಂಡತಿ. ಕಾಗದ ಬಂದದ್ದು ಮೊದಲನೆಯವಳಿಂದ.

ಓದಿ ಹೇಳಿದೆ. ವಿಷಯ ನೇರವಾಗಿತ್ತು. ಮಗಳಿಗೆ ಹದಿನೇಳು ತುಂಬಿದೆ. ಪ್ಲಸ್ ಟೂ ಮುಗಿಸಿದ್ದಾಳೆ. ಕೊಯಮತ್ತೂರಿನಲ್ಲಿ ಫಿಸಿಯೋಥೆರಪಿ ಓದಲು ಸೀಟು ಸಿಕ್ಕಿದೆ. ಕಾಲೇಜು ಶುರುವಾಗುವುದರೊಳಗೆ ಫೀಸು, ಹಾಸ್ಟೆಲು ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. ವಿಚ್ಛೇದನದ ಕಾಲಕ್ಕೆ ಮಗುವಿಗೆಂದು ಕೋರ್ಟು ಗೊತ್ತುಮಾಡಿದ್ದ ತಿಂಗಳ ಹಣ, ಅವಳು ಮೂರು ವರ್ಷದವಳಿದ್ದಾಗ ಎಷ್ಟಿತ್ತೋ ಇಂದಿಗೂ ಅಷ್ಟೇ ಇದೆ. ಅದನ್ನು ಹೆಚ್ಚಿಸಬೇಕು.

"ಕಾಲು ಒತ್ತೋದ ಕಲಿಯಾಕೆ ಕಾಲೇಜಾ?" ಎಂದ ಅಣ್ಣ.

ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅವ್ವ ತಲೆ ಎತ್ತದೆಯೇ ಹೇಳಿದಳು: "ಈ ಮನೇಲಿ ನನ್ ಕಾಲು ಒತ್ತೋರು ಯಾರವ್ರೆ? ಕಲ್ತರೆ ಕಲೀಲಿ ಬುಡು."

"ನೀ ಸುಮ್ಕಿರವ್ವ. ಹುಲ್ಲು ಮುರ್ದು ಹದಿನಾಕು ವರ್ಸ ಆಯ್ತು. ಈಗ ಯಾವ ಮೊಕ ಇಟ್ಗಂಡು ಕೇಳ್ತಾಳೆ?"

ಹುಲ್ಲು ಮುರಿಯುವುದು ಎಂದರೆ ನಮ್ಮ ಕಂಬಂ ಕಣಿವೆಯ ಕನ್ನಡದವರಲ್ಲಿ ಗಂಡ ಹೆಂಡಿರನ್ನು ಬಿಡಿಸುವ ಹಳೆಯ ರೀತಿ. ಈಗ ಹೆಚ್ಚಿನವರು ಅದನ್ನು ಬಿಟ್ಟಿದ್ದಾರೆ, ನೇರ ವಕೀಲರ ಹತ್ತಿರ ಹೋಗುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಆಯಿತು. ಕೋರ್ಟಿಗೆ ಹೋಗುವ ಮುಂಚೆ ದೊಡ್ಡವರ ಮುಂದೆ ಹುಲ್ಲು ಮುರಿಯದಿದ್ದರೆ ಅದು ಬಿಟ್ಟ ಹಾಗಲ್ಲ ಎಂದು ಎರಡೂ ಕಡೆಯವರು ಹಟ ಹಿಡಿದರು. ಬೇರೆ ಯಾವ ಮಾತಿಗೂ ಒಪ್ಪದವರು ಇದೊಂದಕ್ಕೆ ಒಪ್ಪಿದರು.

ಅಣ್ಣನ ಆ ಮೊದಲ ಹೆಂಡತಿ ಹೊರಗಿನವಳಲ್ಲ. ಅವ್ವನ ಸ್ವಂತ ತಮ್ಮನ ಮಗಳು, ತೇವಾರಂನವಳು. ನಾವಿಬ್ಬರೂ ದಿಂಡಿಗಲ್ಲಿನ ಕಾನ್ವೆಂಟಿನಲ್ಲಿ ಒಂದೇ ಹಾಸ್ಟೆಲಿನಲ್ಲಿ ಬೆಳೆದವರು. ಬೆಳಗ್ಗೆ ನಾನು ಅವಳ ಜಡೆ ಹೆಣೆದರೆ ಅವಳು ನನ್ನದನ್ನು ಹೆಣೆಯುತ್ತಿದ್ದಳು. ಸಿಸ್ಟರುಗಳಿಗೆ ತಿಳಿಯದ ಹಾಗೆ ಮಾತಾಡಬೇಕಾದಾಗ ನಮ್ಮ ಮನೆಮಾತು ಇತ್ತು. ಅವಳು ಅಣ್ಣನನ್ನು ಮದುವೆಯಾಗಿ ಕಂಬಂಗೆ ಬಂದ ದಿನ ನನಗೆ ಆದ ಸಂತೋಷ, ನನ್ನ ಮದುವೆಯಲ್ಲೂ ಆಗಲಿಲ್ಲವೇನೋ. ಯಾಕೆ ಮುರಿಯಿತು ಎಂದರೆ ಇಬ್ಬರ ಬಳಿಯೂ ಬೇರೆ ಬೇರೆ ಕತೆಗಳಿವೆ. ನನಗೆ ಕಂಡದ್ದಿಷ್ಟು: ಇಬ್ಬರೂ ಸೋಲದವರು. ಅನ್ನ ಹೊತ್ತಿದ್ದಕ್ಕೆ ಶುರುವಾದ ಮಾತು ಮೂರು ತಿಂಗಳು ನಡೆಯುತ್ತಿತ್ತು.

ಆ ದಿನ ಊರ ದೊಡ್ಡವರೊಬ್ಬರ ಮನೆಯ ಜಗಲಿಯ ಮೇಲೆ ಎಲ್ಲರೂ ಕೂತಿದ್ದರು. ಹಿರಿಯರು ಭತ್ತದ ಹುಲ್ಲಿನ ಒಂದು ಎಳೆಯನ್ನು ತೆಗೆದು ಒಂದು ತುದಿಯನ್ನು ಅಣ್ಣನ ಕೈಗೂ ಇನ್ನೊಂದನ್ನು ಅವಳ ಕೈಗೂ ಕೊಟ್ಟರು. ಮುರಿದು ಹಿಂದಕ್ಕೆ ಎಸೆಯಬೇಕು, ತಿರುಗಿ ನೋಡದೆ ನಡೆಯಬೇಕು. ಇನ್ನು ಮೇಲೆ ನಿಮ್ಮ ಮನೆಯ ಬೆಂಕಿ ನಮಗೆ ಬೇಡ, ನಮ್ಮ ಮನೆಯ ನೀರು ನಿಮಗೆ ಬೇಡ ಎಂದು ಎರಡೂ ಕಡೆಯವರು ಹೇಳಬೇಕು. ಹೇಳಿದರು. ಮಾಮ, ಎಂದರೆ ಅವ್ವನ ತಮ್ಮ, ಹೇಳುವಾಗ ಅಕ್ಕನ ಮುಖ ನೋಡಲಿಲ್ಲ. ಮಗು ಅಣ್ಣ ಎಸೆದ ತುಂಡನ್ನು ಆಟಕ್ಕೆಂದು ಎತ್ತಿಕೊಂಡಿತು. ಯಾರೋ ಅದರ ಕೈಗೆ ಹೊಡೆದು ಬಿಡಿಸಿದರು. ಅಳು ಕೇಳಿದರೂ ಅಣ್ಣ ತಿರುಗಲಿಲ್ಲ, ತಿರುಗಬಾರದಿತ್ತು.

ಆಮೇಲೆ ಇಬ್ಬರೂ ಒಪ್ಪಿಯೇ ಕೋರ್ಟಿನಲ್ಲಿ ಬಿಡುಗಡೆ ಪಡೆದರು. ಮಗುವಿಗೆ ತಿಂಗಳಿಗಿಷ್ಟು ಎಂದಾಯಿತು. ಮುಂದೆ ಏನನ್ನೂ ಕೇಳುವುದಿಲ್ಲ ಎಂದು ಅವಳು ತಾನಾಗಿಯೇ ಬರೆದುಕೊಟ್ಟಳು. ತೇವಾರಂನವರಿಗೂ ರೋಷವಿತ್ತು.

ಅಣ್ಣನಿಗೆ ಆ ಬರಹದ ಮೇಲೆ ತುಂಬ ನಂಬಿಕೆ. ತೇನಿಯಲ್ಲಿ ವಕೀಲರನ್ನು ಕಾಣಲು ಹೋದಾಗ ಕೂರುವ ಮುಂಚೆಯೇ ಅದನ್ನು ಮೇಜಿನ ಮೇಲೆ ಇಟ್ಟ. ವಕೀಲೆ ಸಣ್ಣ ವಯಸ್ಸಿನವರು. ಕಪ್ಪು ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದರು. ಅದರ ಒಂದು ಗುಂಡಿಯನ್ನು ಕಪ್ಪು ದಾರ ಸಿಗದೆ ನೀಲಿ ದಾರದಲ್ಲಿ ಹೊಲಿದಿದ್ದರು. ತಮಿಳಿನಲ್ಲಿ ನಿಧಾನವಾಗಿ ಹೇಳಿದರು.

"ಇದನ್ನ ಬರ್ಕೊಟ್ಟಿದ್ದು ತಾಯಿ. ಹಕ್ಕು ಇರೋದು ಮಗಳಿಗೆ. ಅವಳ ಹಕ್ಕನ್ನ ಇನ್ನೊಬ್ಬರು ಬರ್ಕೊಡಕ್ಕಾಗಲ್ಲ, ಹೆತ್ತವಳಾದ್ರೂ."

"ಹಂಗಾದ್ರೆ ಕೋರ್ಟು ಆವತ್ತು ಹೇಳಿದ್ದು?"

"ಆವತ್ತಿನ ಮಗುವಿಗೆ ಹೇಳಿದ್ದು. ಮಕ್ಕಳ ವಿಷಯದಲ್ಲಿ ಕೋರ್ಟು ಬಾಗಿಲಿಗೆ ಬೀಗ ಹಾಕಲ್ಲ ಸಾರ್. ಪರಿಸ್ಥಿತಿ ಬದಲಾಗಿದೆ ಅಂತ ತೋರಿಸಿದರೆ ಮತ್ತೆ ತೆಗೀತಾರೆ. ಮಗು ಬೆಳೆದಿದೆ, ಓದು ಬಂದಿದೆ, ಕಾಯಿಲೆ ಬಂದಿದೆ, ತಂದೆ ಸಂಪಾದನೆ ಏರಿದೆ ಇಲ್ಲ ಇಳಿದಿದೆ. ಹೆಚ್ಚು ಮಾಡಿ ಅಂತ ಅವರು ಕೇಳಬಹುದು. ಕಡಿಮೆ ಮಾಡಿ ಅಂತ ನೀವೂ ಕೇಳಬಹುದು. ಎರಡು ಕಡೆಯವರನ್ನೂ ಕೇಳದೆ ಬದಲಾಯಿಸಲ್ಲ."

ಅಣ್ಣ ಸ್ವಲ್ಪ ಮುಂದಕ್ಕೆ ಬಾಗಿದ. "ಹೋದ ಕೊಯ್ಲಿಗೆ ದ್ರಾಕ್ಷಿ ಬೆಲೆ ಬಿತ್ತು. ಅದನ್ನ ಹೇಳೋಣ?"

"ಅದಕ್ಕೆ ಮುಂಚಿನ ಕೊಯ್ಲು?"

ಅಣ್ಣ ಹಿಂದಕ್ಕೆ ಒರಗಿದ. ನಮ್ಮ ಕಣಿವೆಯಲ್ಲಿ ವರ್ಷವಿಡೀ ಯಾವುದಾದರೂ ತೋಟದಲ್ಲಿ ದ್ರಾಕ್ಷಿ ಕೊಯ್ಯುತ್ತಿರುತ್ತಾರೆ. ಅದು ತೇನಿಯ ವಕೀಲರಿಗೆ ತಿಳಿಯದ ವಿಷಯವೇ?

"ಒಂದು ಕೊಯ್ಲಿನ ಏರಿಳಿತ ಸಾಲದು ಸಾರ್. ಈಗ ಇನ್ನೆರಡು ಮಕ್ಕಳಿವೆ ಅಂತ ಹೇಳಬಹುದು, ಅದನ್ನ ಗಮನಿಸ್ತಾರೆ. ಅಷ್ಟಕ್ಕೇ ಈ ಮಗಳಿಗೆ ಇಲ್ಲ ಅನ್ನಲ್ಲ."

"ಇನ್ನೊಂದು ವರ್ಸಕ್ಕೆ ಅವ್ಳಿಗೆ ಹದಿನೆಂಟು. ಆಮೇಲೆ ನಿಲ್ತದೆ ತಾನೆ?"

"ಮದುವೆಯಾಗದ ಮಗಳು, ಕೈಯಲ್ಲಿ ಸಂಪಾದನೆ ಇಲ್ಲ ಅಂದ್ರೆ, ಹದಿನೆಂಟು ಆಯ್ತು ಅಂತ ತಂದೆ ಕೈ ಕೊಡವೋ ಹಾಗಿಲ್ಲ ಸಾರ್." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನೀವು ಯಾರಮ್ಮ, ಆ ಹುಡುಗಿಗೆ?"

"ಅತ್ತೆ" ಎಂದೆ. ಹೇಳಿದ ಮೇಲೆ, ಆ ಪದವನ್ನು ಆ ಹುಡುಗಿಯ ಬಾಯಿಂದ ಒಮ್ಮೆಯೂ ಕೇಳಿಲ್ಲ ಎಂಬುದು ನೆನಪಾಯಿತು.

ಸಂಜೆ ಕಂಬಂಗೆ ಹಿಂದಿರುಗಿ ಅಣ್ಣ ಎಲ್ಲವನ್ನೂ ಅವ್ವನ ಮುಂದೆ ಸಿಟ್ಟಿನಲ್ಲಿ ಹೇಳಿದ. ಕೋರ್ಟಿಗೆ ನಮ್ಮ ಕಟ್ಟುಪಾಡು ಏನು ತಿಳಿದೀತು, ಮುರಿದ ಹುಲ್ಲನ್ನು ಯಾರಾದರೂ ಅಂಟಿಸುತ್ತಾರೆಯೇ ಎಂದ. ಅವ್ವ ದಿಂಬಿನ ಚೀಲಕ್ಕೆ ಹತ್ತಿ ತುಂಬುತ್ತಿದ್ದಳು. ಕೈ ನಿಲ್ಲಿಸಿದಳು.

"ಹುಲ್ಲು ಮುರ್ದಿದ್ದು ಯಾರ್ಯಾರ ಕೈಯಾಗೆ?"

"ನನ್ದೂ ಅವ್ಳ್ದೂ."

"ಕೂಸಿನ ಕೈಗೆ ಕೊಟ್ಟಿದ್ರಾ?"

ಅಣ್ಣ ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸತೊಡಗಿದ.

"ಗಂಡ ಎಂಡ್ತಿ ಬುಟ್ರು, ಹುಲ್ಲು ಮುರೀತು. ಕುಲ ಮುರ್ದೋರು ಯಾರಲಾ? ಮೊದ್ಲ ಕೂದ್ಲು ಎಲ್ಲಿ ತೆಗ್ಸಿದ್ದು ಅದಕ್ಕೆ? ಗೂಡಲೂರ್ತಾವ ನಮ್ ಮನೆದ್ಯಾವ್ರ ಮುಂದ್ಲೇ ತಾನೆ? ಲಗ್ನ ಆಗಿ ಇನ್ನೊಂದ್ ಮನೆಗೆ ಓಗೋಗಂಟ ಅದು ನಮ್ ಕುಲದ್ದು. ಇದು ನಂಗೆ ತಿಳೀದು ಅಂತ ಮಾಡ್ಕಂಡಿದ್ದಾ? ತೇವಾರದೋರ್ಗೆ ತಿಳ್ದಿತ್ತು. ಅದ್ಕೇ ಅದು ದೊಡ್ಡೋಳಾದಾಗ ಅರಿಸ್ನ ಕಳ್ಸಿದ್ರು, ಹೂವಿನೋಳ ಕೈಲಿ. ಬಾಗ್ಲಲ್ಲೇ ನಿಲ್ಸಿ ವಾಪಸ್ ಕಳ್ಸಿದ್ದು ನೀನು."

ಅದು ನನಗೆ ತಿಳಿದಿರಲಿಲ್ಲ. ಹುಡುಗಿ ಮೈನೆರೆದಾಗ ತಂದೆಯ ಮನೆಗೆ ಅರಿಸಿನ ಹೋಗುತ್ತದೆ. ಅದನ್ನು ಹಿಡಿದುಕೊಂಡು ಸೋದರತ್ತೆ ಹೋಗಿ ಮೊದಲ ಚೊಂಬು ನೀರು ಹೊಯ್ಯಬೇಕು. ಆ ಸೋದರತ್ತೆ ನಾನೊಬ್ಬಳೇ. ಆ ದಿನ ದಿಂಡಿಗಲ್ಲಿನಲ್ಲಿ ನಾನು ಏನು ಮಾಡುತ್ತಿದ್ದೆನೋ. ಬಟ್ಟೆ ಮಡಿಸುತ್ತಿದ್ದೆನೋ, ಬೀನ್ಸ್ ನಾರು ತೆಗೆಯುತ್ತಿದ್ದೆನೋ. ಅಲ್ಲಿ ನೀರು ಕಾಯಿಸಿ ಎಷ್ಟು ಹೊತ್ತು ಕಾದರೋ, ಕೊನೆಗೆ ಯಾರು ಹೊಯ್ದರೋ. ನಮ್ಮ ಕಟ್ಟುಪಾಡು ಎಂದು ಹದಿನಾಲ್ಕು ವರ್ಷ ನಾವು ಹಿಡಿದುಕೊಂಡು ಕೂತದ್ದು ನಮ್ಮ ಕಟ್ಟುಪಾಡೇ ಆಗಿರಲಿಲ್ಲ. ಬರೀ ಕೋಪವಾಗಿತ್ತು.

"ಮೊದ್ಲೇ ಯಾಕೇಳ್ಳಿಲ್ಲವ್ವ?" ಎಂದು ಕೇಳಿದೆ.

"ಯೋಳಿದ್ರೆ ಕೇಳ್ತಿದ್ನಾ? ನಾನು ಇವ್ನ ಮನೇಲಿ ಉಣ್ಣೋಳು. ತಮ್ಮನ್ ಮನೆ ಬಾಗ್ಲು ನಂಗೂ ಮುಚ್ತು. ಯಾವ್ ಕಡೆ ನಿಂತು ಯೋಳ್ಲಿ?" ಎಂದಳು. ಮತ್ತೆ ಹತ್ತಿ ತುಂಬತೊಡಗಿದಳು. ದಿಂಬು ಗಟ್ಟಿಯಾಗುವವರೆಗೂ ತುಂಬಿದಳು. ಅಣ್ಣ ಎದ್ದು ತೋಟಕ್ಕೆ ಹೋದ. ಊಟಕ್ಕೆ ಬಂದಾಗ ಅತ್ತಿಗೆಯೇ ಅವನಿಗೆ ಹೇಳಿದಳು, "ಓಗಿ ಒಪ್ಕಂಡು ಬನ್ನಿ. ನಾಳೆ ನನ್ ಮಕ್ಳಿಗೂ ಅವ್ಳು ಅಕ್ಕನೇ." ನನಗೆ ಅವಳ ಮೇಲೆ ಅಂದಿನಿಂದ ಬೇರೆಯೇ ಗೌರವ.

ಕೋರ್ಟಿನ ದಿನ ನಾನೂ ಹೋದೆ. ಹೊರಗಿನ ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ ನಾನು ಮತ್ತು ಅಣ್ಣ, ಇನ್ನೊಂದು ತುದಿಯಲ್ಲಿ ಅವಳು ಮತ್ತು ಮಗಳು. ನಡುವೆ ಯಾರೋ ಮುದುಕ, ಊಟದ ಬುಟ್ಟಿಯ ಜೊತೆ. ನನ್ನ ಹಾಸ್ಟೆಲ್ ಗೆಳತಿ ದಪ್ಪಗಾಗಿದ್ದಾಳೆ, ಕನ್ನಡಕ ಬಂದಿದೆ. ಸೀರೆಯ ನೆರಿಗೆಗೆ ಸಿಸ್ಟರುಗಳು ಕಲಿಸಿದಂತೆ ಒಳಗಿನಿಂದಲೇ ಪಿನ್ನು ಹಾಕಿದ್ದಳು, ಹೊರಗೆ ಕಾಣದ ಹಾಗೆ. ಹುಡುಗಿಗೆ ಅಣ್ಣನ ಹಣೆ, ಅಣ್ಣನ ಹಾಗೆಯೇ ಸ್ವಲ್ಪ ಹೊರಚಾಚಿದ ಕಿವಿ. ಅವಳ ಚೂಡಿದಾರದ ಅಂಚನ್ನು ಬಿಚ್ಚಿ ಉದ್ದ ಮಾಡಿದ್ದರು. ಹಳೆಯ ಮಡಿಕೆ ಇದ್ದ ಕಡೆ ಬಣ್ಣ ಮಾಸದ ಒಂದು ಪಟ್ಟಿ, ಅದರ ಕೆಳಗೆ ಇನ್ನೊಂದು. ಎರಡು ಸಲ ಬಿಚ್ಚಿದ್ದಾರೆ. ಪರಿಸ್ಥಿತಿ ಬದಲಾದದ್ದನ್ನು ತೋರಿಸಬೇಕು ಎಂದಿದ್ದರಲ್ಲ ವಕೀಲೆ. ನನಗೆ ಬೇರೆ ಯಾವ ಸಾಕ್ಷಿಯೂ ಬೇಕಾಗಿರಲಿಲ್ಲ.

ನಾನು ನಕ್ಕೆ. ಹುಡುಗಿಯೂ ನಕ್ಕಳು. "ವಣಕ್ಕಂ ಆಂಟಿ" ಎಂದಳು, ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಎದುರಾದವರಿಗೆ ಹೇಳುವಂತೆ.

ಮೊದಲು ರಾಜಿ ಆಗುವುದೇನೋ ನೋಡಿ ಎಂದು ಒಂದು ಸಣ್ಣ ಕೋಣೆಗೆ ಕಳಿಸಿದರು. ಎರಡೂ ಕಡೆಯ ವಕೀಲರು ಇದ್ದರು. ಅಣ್ಣ ಗಂಟಲು ಸರಿಮಾಡಿಕೊಂಡ. ದಾರಿಯಲ್ಲೆಲ್ಲ ಅವನು ತುಟಿ ಅಲ್ಲಾಡಿಸುತ್ತಾ ಜೋಡಿಸಿಕೊಂಡಿದ್ದ ಮಾತು ಅದು. ಮಗಳ ಜೊತೆಗೆ, ನಮ್ಮ ಮನೆಮಾತಿನಲ್ಲೇ ಆಡಿದ.

"ಕೇಸು ವಾಪಸ್ ತಕ್ಕಳಿ. ಕೋರ್ಟು ಗೀರ್ಟು ನಮ್ಗೆ ಬ್ಯಾಡ. ನಿನ್ ಓದು ಪಡಿಪ್ಪು ಪೂರ್ತಿ ನಂದು. ಫೀಸು, ಆಸ್ಟೆಲ್ಲು, ಬುಕ್ಕು, ಎಲ್ಲಾ. ನೀವು ಕೇಳಿದ್ಕಿಂತ ಜಾಸ್ತೀನೇ ಕೊಡ್ತೀನಿ. ಮನೆದ್ಯಾವ್ರ ಮ್ಯಾಲೆ ಆಣೆ, ಇದು ನನ್ ವಾಕ್ಕು."

ಅವನು ಮನಸ್ಸಿನಿಂದಲೇ ಹೇಳಿದ. ಅವನ ಕೈ ಮೇಜಿನ ಮೇಲೆ ಅಂಗೈ ಮೇಲಾಗಿ ಬಿಚ್ಚಿತ್ತು. ತಾಯಿ ಮಗಳ ಮುಖ ನೋಡಿದಳು, ನೀನೇ ಹೇಳು ಎನ್ನುವಂತೆ.

ಹುಡುಗಿಗೆ ನಮ್ಮ ಮಾತು ಅರ್ಥವಾಗುತ್ತದೆ, ಆಡಲು ಬಾಯಿಗೆ ಬರುವುದಿಲ್ಲ. ತಮಿಳಿನಲ್ಲೇ ಹೇಳಿದಳು. ಗಟ್ಟಿಯಾಗಿ ಮಾತಾಡಲಿಲ್ಲ, ಒರಟಾಗಿಯೂ ಅಲ್ಲ.

"ವಾಕ್ಕು ಬೇಡ. ಆರ್ಡರೇ ಇರ್ಲಿ."

"ಯಾಕಮ್ಮಾ? ನನ್ನ ಮೇಲೆ ನಂಬ್ಕೆ ಇಲ್ಲೆಯಾ?"

"ನಂಬಿಕೆ ವಿಷಯ ಅಲ್ಲ ಸಾರ್." ಅಪ್ಪನನ್ನು ಸಾರ್ ಎಂದದ್ದು ಅವಳಿಗೇ ಕೇಳಿಸಿತೋ ಏನೋ, ಸ್ವಲ್ಪ ತಡೆದಳು. "ನಾಳೆ ವಾಕ್ಕು ಬದಲಾದ್ರೆ ನಾನು ಯಾರನ್ನ ಹೋಗಿ ಕೇಳ್ಲಿ? ನಿಮ್ಮ ಮನೆ ಬಾಗಿಲಿಗೆ ಬರಕ್ಕಾಗುತ್ತಾ? ಆರ್ಡರು ಬದಲಾಯಿಸಬೇಕು ಅಂದ್ರೆ ನನ್ನನ್ನೂ ಕರೆದು ಕೇಳ್ತಾರೆ. ನನಗೆ ಅಷ್ಟು ಸಾಕು."

ಕೋಣೆಯಲ್ಲಿ ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ನಮ್ಮ ವಕೀಲೆ ತಮ್ಮ ಪೆನ್ನಿನ ಮುಚ್ಚಳ ಹಾಕಿ ತೆಗೆದರು. ಅಣ್ಣ ಅಂಗೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ. "ಸರಿ. ಆರ್ಡರೇ ಬರೀಲಿ" ಎಂದ.

ಆದ್ದರಿಂದ ಜಗಳವೇನೂ ಆಗಲಿಲ್ಲ. ನ್ಯಾಯಾಧೀಶೆ ಎರಡೂ ಕಡೆ ಕೇಳಿದರು. ಹುಡುಗಿಯನ್ನು ಹತ್ತಿರ ಕರೆದು ಯಾವ ಓದು, ಎಷ್ಟು ವರ್ಷ ಎಂದು ವಿಚಾರಿಸಿದರು. ಅಣ್ಣನ ಇನ್ನೆರಡು ಮಕ್ಕಳ ಬಗ್ಗೆಯೂ ಕೇಳಿದರು. ತಿಂಗಳ ಹಣ ಏರಿತು, ಕಾಲೇಜಿನ ಫೀಸು ಬೇರೆ. ಎಲ್ಲವೂ ಬ್ಯಾಂಕಿನ ಮೂಲಕ. ಮುಂದೆ ಪರಿಸ್ಥಿತಿ ಬದಲಾದರೆ ಯಾರು ಬೇಕಾದರೂ ಮತ್ತೆ ಬರಬಹುದು ಎಂದರು. ಫೀಸಿನ ಹಣವನ್ನು ಅಣ್ಣ ಹೊರಗೆ ಬಂದ ಕೂಡಲೇ ಕಳಿಸಿದ. ಅದಕ್ಕಾಗಿ ಸಿದ್ಧನಾಗಿಯೇ ಬಂದಿದ್ದ. ಹುಡುಗಿಯ ಫೋನು ಟಿಣ್ ಎಂದಿತು. ಅವಳು ನೋಡಿ, ಅಮ್ಮನಿಗೆ ತೋರಿಸಿ, ಅಣ್ಣನ ಕಡೆ ತಿರುಗಿ ತಲೆಬಾಗಿಸಿದಳು. ಸೀಟು ಉಳಿಯಿತು.

ಕೋರ್ಟಿನ ಗೇಟಿನ ಬಳಿ ನನ್ನ ಗೆಳತಿ ನನ್ನ ಪಕ್ಕಕ್ಕೆ ಬಂದಳು. ಹದಿನಾಲ್ಕು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು: "ಅತ್ತೆ ಎಂಗವ್ರೆ?"

"ಮಂಡಿ ನೋವು. ಮೆಟ್ಲು ಹತ್ತಾಕಾಗಲ್ಲ."

"ಅಪ್ಪಂಗೂ ಅಂಗೇಯಾ. ಅಕ್ಕ ತಮ್ಮ ಒಂದೇ ಮಂಡಿ" ಎಂದು ನಕ್ಕಳು. ನಾನೂ ನಕ್ಕೆ. ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಅಷ್ಟರಲ್ಲಿ ಷೇರ್ ಆಟೋ ಬಂತು.

ಅವರು ಹತ್ತುವಾಗ ಅಣ್ಣ ಎರಡು ಹೆಜ್ಜೆ ಮುಂದೆ ಹೋದ. "ಕಾಲೇಜಿಗೆ ಸೇರ್ಸೋ ದಿನ ನಾನೂ ಬತ್ತೀನಿ. ಗಾಡಿ ಮಾಡ್ಸ್ತೀನಿ. ಪೆಟ್ಟಿಗೆ, ಬೆಡ್ಡು ಎಲ್ಲಾ ಇರ್ತದಲ್ಲ."

"ಮಾಮ ಬರ್ತಾರೆ" ಎಂದಳು ಹುಡುಗಿ, ತನ್ನ ಸೋದರಮಾವನ ಬಗ್ಗೆ. ಆಮೇಲೆ, ಅಷ್ಟು ಮಾತು ಸಾಲದು ಅನ್ನಿಸಿತೋ ಏನೋ, "ಯಾವಾಗಲೂ ಅವರೇ ಬರೋದು" ಎಂದು ಸೇರಿಸಿದಳು. ಚುಚ್ಚಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ. ಸಮಾಧಾನಕ್ಕೆಂದೇ ಹೇಳಿದ್ದೂ ಇರಬಹುದು.

ತೇನಿಯ ಬಸ್ ನಿಲ್ದಾಣದಲ್ಲಿ ನಮ್ಮಿಬ್ಬರ ದಾರಿ ಬೇರೆ. ಅವನು ಕಂಬಂಗೆ, ನಾನು ದಿಂಡಿಗಲ್ಲಿಗೆ. ಟೀ ಕುಡಿದೆವು. ಅವನು ಗ್ಲಾಸನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದ, ಟೀ ಆರಿತು.

"ಏರ್ಸೋಕೂ ಇಳ್ಸೋಕೂ ಯಾರ್ ಬೇಕಾದ್ರೂ ಅರ್ಜಿ ಆಕ್ಬೋದು ಅಂದ್ರು ತಾನೆ, ಜಡ್ಜಮ್ಮ?"

"ಹೂಂ. ಯಾಕಣ್ಣ, ಇಳಿಸ್ತೀಯಾ?"

"ಚೇ. ಇಳ್ಸಾಕಲ್ಲ." ಗ್ಲಾಸಿನ ತಳ ನೋಡಿದ. "ಏರ್ಸಿ ಅಂತ ನಾನೇ ಆಕ್ಬೋದಾ?"

ನನಗೆ ಮೊದಲು ಅರ್ಥವಾಗಲಿಲ್ಲ. "ಅದಕ್ಕೆ ಅರ್ಜಿ ಯಾಕೆ? ಜಾಸ್ತಿ ಕೊಡ್ಬೇಕು ಅಂದ್ರೆ ಬ್ಯಾಂಕಿಗೆ ಸುಮ್ನೆ ಕಳ್ಸಿದ್ರಾಯ್ತು."

"ಬ್ಯಾಂಕಿಗೆ ಕಳ್ಸಿದ್ರೆ ಅವ್ಳು ಬರಲ್ವಲ್ಲೇ. ಅರ್ಜಿ ಆಕಿದ್ರೆ ಅವ್ಳನ್ನೂ ಕರೆದು ಕೇಳ್ತಾರೆ."

ಕಂಬಂ ಬಸ್ಸು ಬಂದು ನಿಂತಿತು. ಕಂಡಕ್ಟರು ಚಿನ್ನಮನೂರು, ಉತ್ತಮಪಾಳೆಯಂ ಎಂದು ಕೂಗತೊಡಗಿದ. ವಕೀಲೆಯನ್ನು ಕೇಳಿ ಹೇಳುತ್ತೇನೆ ಎಂದೆ. ಆಗಲಿ ಎಂದು ತಲೆಯಾಡಿಸಿ ಅಣ್ಣ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತು, ಇನ್ನೊಮ್ಮೆ ಕೈಸನ್ನೆ ಮಾಡಿದ, ಮರೆಯಬೇಡ ಎಂದು. ನಾನು ಇದುವರೆಗೂ ಕೇಳಿಲ್ಲ. ಹಾಗೆ ಹಾಕಲು ಬರುವುದಿಲ್ಲ ಎಂದು ಅವರು ಹೇಳಿಬಿಟ್ಟರೆ, ಅದನ್ನು ನಾನು ಅವನಿಗೆ ಓದಿ ಹೇಳಬೇಕಾಗುತ್ತದೆ.